ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ ಫೋನಿನ ಚಾಚಾ

ಫೋನಿನ ಚಾಚಾ ಅಂದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಅವರ ಮುಖವಲ್ಲ, ಬೆನ್ನು. ಖಾಕಿ ಅಂಗಿ, ಎರಡು ಹೆಗಲಿನ ನಡುವೆ ಅಂಗೈಯಗಲದ ಬೆವರಿನ ಕಲೆ, ಕೊರಳಪಟ್ಟಿಯ ಕೆಳಗೆ ಬಿಳಿ ದಾರದಲ್ಲಿ ಹೊಲಿದ ತೇಪೆ. ಎಡಗೈಯಿಂದ ಫೋನಿನ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಬಲಗೈಯನ್ನು ಸುಣ್ಣದ ಗೋಡೆಗೆ ಊರಿ, ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಂತಿರುತ್ತಿದ್ದರು. ಹಿಂದೆ ಬಾಗಿಲಲ್ಲಿ ಯಾವಳಾದರೂ ಹೆಂಗಸು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆ ಬೆನ್ನಿನ ಜೊತೆ ಮಾತಾಡುತ್ತಿದ್ದಳು. ಗಂಡಸಿನ ಮುಖ ನೋಡಿ ಹೇಳಲಾರದ್ದನ್ನು ಬೆನ್ನಿಗೆ ಹೇಳಬಹುದಲ್ಲ. ಅವಳು ಹೇಳಿದ್ದನ್ನು ಚಾಚಾ ತಂತಿಯೊಳಗೆ ಹೇಳುತ್ತಿದ್ದರು. ಅತ್ತ ಸಿಂಧನೂರಿನಲ್ಲಿ ಒಬ್ಬ ಕಾರಕೂನ ಅದನ್ನು ಕೇಳಿಸಿಕೊಂಡು, ರಸ್ತೆ ದಾಟಿ ದವಾಖಾನೆಗೆ ಓಡುತ್ತಿದ್ದ.

ನಾನು ಎತ್ತಿನ ದಲಾಲಿ. ಮಗಳು ಈಗ ನಾಲ್ಕು ಜನರ ಮುಂದೆ "ನಮ್ಮಪ್ಪ ವ್ಯಾಪಾರಸ್ಥ" ಅನ್ನುತ್ತಾಳೆ, ಅನ್ನಲಿ. ಕಸುಬಿನ ಹೆಸರು ಮಾತ್ರ ದಲಾಲಿಯೇ. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ಬಾರುಕೋಲು, ಉಳಿದದ್ದೆಲ್ಲ ನಾಲಿಗೆಯಿಂದ ಗಳಿಸಿದ್ದು. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಏರಿಸುವುದು, ಬೆರಳು ಮಡಚಿ ಇಳಿಸುವುದು ನನಗೆ ಮೀಸೆ ಬರುವ ಮೊದಲೇ ಬಂದಿತ್ತು. ಇದ್ದದ್ದಕ್ಕಿಂತ ಹೆಚ್ಚು ಹೇಳಿದರೆ ಇದ್ದಷ್ಟಾದರೂ ಕೈಗೆ ಬರುತ್ತದೆ, ಇದೇ ನಾನು ಕಲಿತ ವಿದ್ಯೆ. ಸಂತೆಯಲ್ಲಿ ಅದು ನನ್ನನ್ನು ಒಮ್ಮೆಯೂ ಕೈಬಿಟ್ಟಿಲ್ಲ. ಸಂತೆಯ ಹೊರಗೆ ಒಂದೇ ಒಂದು ಸಲ ಬಳಸಿದೆ. ಆ ದಿನದ ಹೆದರಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಕಾಲುವೆಗೆ ನೀರು ಬಂದ ಹೊಸದರ ಮಾತು ಇದು. ದಢೇಸುಗೂರಿನಿಂದ ಒಂದು ಹರದಾರಿ ಒಳಗಿದ್ದ ನಮ್ಮೂರಿನಲ್ಲಿ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಕೆಸರಿನಲ್ಲಿ ಎಳೆಯುವ ಗಟ್ಟಿ ಎತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು, ನನ್ನ ದಿನವೂ ತೆರೆಯಿತು. ಊರಿಗೆ ಫೋನು ಬರಲು ಇನ್ನೂ ಎಷ್ಟೋ ವರ್ಷವಿತ್ತು. ಆದರೆ ಕಾಲುವೆಗೆ ಫೋನಿತ್ತು. ಏರಿಯ ಉದ್ದಕ್ಕೂ ಕಂಬ, ಹರದಾರಿಗೊಂದು ಚೌಕಿ, ಚೌಕಿಗೊಬ್ಬ ನೀರಿನ ಅಳತೆ ನೋಡುವವನು. ನೀರೊಳಗೆ ಅಡಿ ಅಂಗುಲ ಬರೆದ ಕಲ್ಲು ನಿಲ್ಲಿಸಿದ್ದರು. ಮುಂಜಾನೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಆ ಕಲ್ಲು ನೋಡಿ, ಫೋನಿನ ಪೆಟ್ಟಿಗೆಯ ಹಿಡಿ ತಿರುವಿ, ಸಿಂಧನೂರಿಗೆ ಅಳತೆ ಹೇಳಬೇಕು. ಎಲ್ಲ ಚೌಕಿಗೂ ಒಂದೇ ತಂತಿ. ಯಾರಿಗೆ ಕರೆ ಬಂದಿದೆ ಅನ್ನುವುದು ಗಂಟೆಯ ಲೆಕ್ಕದಲ್ಲಿ ತಿಳಿಯಬೇಕು. ನಮ್ಮ ಚೌಕಿಗೆ ಎರಡು ಉದ್ದ, ಒಂದು ಗಿಡ್ಡ. ಕರೆ ಯಾರದ್ದೇ ಇರಲಿ, ಹಿಡಿಕೆ ಎತ್ತಿದವರಿಗೆಲ್ಲ ಮಾತು ಕೇಳಿಸುತ್ತಿತ್ತು. ನಮ್ಮ ಚೌಕಿಯಲ್ಲಿ ಇದ್ದವರೇ ಚಾಚಾ.

ಅವರ ಮನೆ ಮಂದಿ ಮಸ್ಕಿಯಲ್ಲಿದ್ದರು. ಇಲ್ಲಿ ಒಬ್ಬರೇ. ಚಹಾವನ್ನು ಬಸಿಗೆ ಸುರಿದು, ಊದಿ, ಎರಡು ಸಲ ಕುಡಿದು, ಮೂರನೇ ಗುಟುಕನ್ನು ಬಂದವರಿಗೆ ಕೊಡುವರು. ಕೇಳಿದ ಮಾತನ್ನೆಲ್ಲ ಮರಳಿ ಒಂದು ಸಲ ಜೋರಾಗಿ ಹೇಳುವ ಅಭ್ಯಾಸ ಅವರಿಗೆ. ಅಳತೆ ತಪ್ಪಬಾರದೆಂದು ಇಲಾಖೆ ಕಲಿಸಿದ್ದು, ಆಮೇಲೆ ರಕ್ತದಲ್ಲೇ ಸೇರಿಹೋಗಿತ್ತು. "ಚಾಚಾ, ಬಿಸಿಲು ಭಾಳ ಐತಿ" ಅಂದರೆ "ಬಿಸಿಲು ಭಾಳ ಐತಿ, ಹೌ" ಅನ್ನುವರು. ಊರಿನ ಹುಡುಗರು ಅವರ ಬಾಯಲ್ಲೇ ಅವರನ್ನು ಕತ್ತೆ ಅನ್ನಿಸಲು ಬೇಕಂತಲೇ ಹೋಗಿ "ಚಾಚಾ, ನಾ ಕತ್ತಿ" ಅಂತ ಹೇಳುತ್ತಿದ್ದರು. "ನೀ ಕತ್ತಿ, ಹೌ. ಬರ್ಕೊಂಡೆ" ಅನ್ನುವರು ಚಾಚಾ, ಹುಬ್ಬು ಕೂಡ ಅಲುಗಿಸದೆ.

ಒಂದು ಬೇಸಿಗೆ ನೀರು ಕಡಿಮೆ ಬಿಟ್ಟಿದ್ದರು. ಚೌಕಿಯವರು ಅಳತೆಯನ್ನು ನಾಲ್ಕು ಅಂಗುಲ ಇಳಿಸಿ ಹೇಳಿದರೆ ಮೇಲಿನವರು ಇನ್ನಷ್ಟು ನೀರು ಬಿಡುತ್ತಾರೆ, ಆದ್ದರಿಂದ ಮಾತಾಡಿಸು ಎಂದು ಊರವರು ನನ್ನನ್ನು ಕಳಿಸಿದರು. ನಾನು ಹೋಗಿ ಕೂತು, ಟವೆಲು ಹಾಸಿ, ಕೆಳಗೆ ಅವರ ಕೈ ಹಿಡಿದು ಬೆರಳು ಒತ್ತಿದೆ. ಅವರ ಬೆರಳು ಅಲುಗಲಿಲ್ಲ. ಕಿವಿಯ ಸಂದಿನಿಂದ ಮೋಟು ಪೆನ್ಸಿಲು ತೆಗೆದು ಟವೆಲಿನ ಕೆಳಗೇ ನನ್ನ ಅಂಗೈಗೆ ಇಟ್ಟರು.

"ಹೋಗಲೇ ದಲಾಲಿ, ಕಲ್ಲು ನೋಡು. ಎಷ್ಟು ಐತಿ ಅಷ್ಟು ಬರ್ಕೊಂಡು ಬಾ. ನೀ ಬರದದ್ದ ಹೇಳ್ತೀನಿ."

ಮೆಟ್ಟಿಲಿಳಿದು ನೋಡಿದೆ. ಕಲ್ಲಿನ ಮುಂದೆ ನಿಂತರೆ ಸುಳ್ಳು ಬರೆಯುವುದಕ್ಕೆ ಕೈ ಬರುವುದಿಲ್ಲ, ಬೇಕಾದರೆ ನೀವೂ ಪ್ರಯತ್ನ ಮಾಡಿ ನೋಡಿ. ಇದ್ದಷ್ಟೇ ಬರೆದುಕೊಂಡು ಬಂದೆ. "ಎಷ್ಟು ಐತಿ ಅಷ್ಟು" ಎನ್ನುವುದು ಅವರ ಬಾಯಲ್ಲಿ ಆಮೇಲೂ ನೂರು ಸಲ ಕೇಳಿದ್ದೇನೆ.

ಆ ಫೋನು ನೀರಿನ ಮಾತಿಗಷ್ಟೇ, ಮನೆಯ ಮಾತಿಗಲ್ಲ ಎಂದು ಇಲಾಖೆಯ ಕಟ್ಟಪ್ಪಣೆ ಇತ್ತು. ಆದರೂ ಸುತ್ತಲಿನ ಮೂರೂರ ಹೆಂಗಸರ ಹೆರಿಗೆಯ ಸುದ್ದಿ ಆ ತಂತಿಯಲ್ಲೇ ಹೋಗುತ್ತಿತ್ತು. ಅಳತೆ ಹೇಳಿ ಮುಗಿಸಿದ ಮೇಲೆ ಚಾಚಾ "ಇನ್ನೊಂದು ಮಾತೈತಿ ಸಾಹೇಬ" ಎಂದು ಶುರು ಮಾಡುವರು. ಸಿಂಧನೂರಿನ ದವಾಖಾನೆಯ ನರ್ಸಬಾಯಿ ಅವರಿಗೆ ನಾಲ್ಕು ಪ್ರಶ್ನೆ ಕಲಿಸಿಕೊಟ್ಟಿದ್ದರು. ನೋವು ಯಾವಾಗಿನಿಂದ? ನೀರು ಹೋಗಿದೆಯೋ? ರಕ್ತ ಹೋಗುತ್ತಿದೆಯೋ? ಕೂಸು ಮಿಸುಕುತ್ತಿದೆಯೋ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಯಾರ ಕಡೆ ಮೊದಲು ಹೋಗಬೇಕು ಅನ್ನುವುದು ಆ ತಾಯಿಗೆ ಕೂತಲ್ಲೇ ತಿಳಿಯುತ್ತಿತ್ತು. ಇಲಾಖೆಯ ಜೀಪು ಇದ್ದದ್ದು ಒಂದೇ. ಗಂಡಸರು ಓಡಿಬಂದು "ಹೊಟ್ಟಿ ನೋವು, ಹೊಟ್ಟಿ ನೋವು" ಅನ್ನುವವರೇ ಹೊರತು ನಾಲ್ಕರಲ್ಲಿ ಒಂದಕ್ಕೂ ಉತ್ತರ ತಂದಿರುತ್ತಿರಲಿಲ್ಲ. ಹೆಂಡತಿಯನ್ನು ಕೇಳಲು ನಾಚಿಕೆ, ತಾಯಿಯನ್ನು ಕೇಳಲು ಇನ್ನೂ ನಾಚಿಕೆ. ಅಂಥವರಿಗೆ ಚಾಚಾರದು ಒಂದೇ ಮಾತು: "ಹೋಗಿ ಕೇಳ್ಕೊಂಡು ಬಾ. ಇಲ್ಲಾಂದ್ರ ಯಾರನರ ಹೆಣಮಗಳನ್ನ ಕಳಸು, ನಾ ಗ್ವಾಡಿಗೆ ಮಾರಿ ಮಾಡಿ ನಿಲ್ತೀನಿ."

ಇನ್ನು ಆ ದಿನಕ್ಕೆ ಬರುತ್ತೇನೆ.

ನನ್ನ ಹೆಂಡತಿಗೆ ತವರು ಇರಲಿಲ್ಲ. ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲೇ, ನನ್ನ ಅಕ್ಕನ ಕೈಯಲ್ಲಿ. ಊರಿನ ಸೂಲಗಿತ್ತಿ ಇದ್ದಾಳಲ್ಲ ಎಂಬ ಧೈರ್ಯದಲ್ಲಿದ್ದೆವು. ಆಕೆ ಮಗಳ ಮನೆಯೆಂದು ಲಿಂಗಸುಗೂರಿಗೆ ಹೋದವಳು ಮಳೆ ಹಿಡಿದು ಅಲ್ಲೇ ಉಳಿದಳು. ಮೂರು ದಿನ ಬಿಡದೆ ಸುರಿದಿತ್ತು. ನಮ್ಮ ಎರೆ ಮಣ್ಣು ನೆನೆದರೆ ಚಕ್ಕಡಿಯ ಗಾಲಿ ಅಚ್ಚಿನತನಕ ಹೂತುಹೋಗುತ್ತದೆ, ಮನುಷ್ಯ ಹೆಜ್ಜೆ ಎತ್ತಿದರೆ ಕೆರ ಅಲ್ಲೇ ಉಳಿಯುತ್ತದೆ. ಗಟ್ಟಿ ದಾರಿ ಅಂದರೆ ಮೊರಂ ಗರಸು ಹಾಕಿದ ಕಾಲುವೆ ಏರಿ ಒಂದೇ. ಬಂಡಿಗಳು ಹಾಯ್ದು ಏರಿ ಹಾಳಾಗಬಾರದೆಂದು ಅದಕ್ಕೂ ಚೌಕಿಗೊಂದು ಸರಪಳಿ ಕಟ್ಟಿ ಬೀಗ ಹಾಕಿದ್ದರು.

ಬೆಳಕು ಹರಿಯುವಾಗ ನೋವು ಶುರುವಾಯಿತು. ಗೋಡೆಯಾಚೆಯಿಂದ ಆಕೆಯ ನರಳಾಟ ಕೇಳಿಸಿತು. ಆಕೆಯ ತಾಯಿ ಸತ್ತದ್ದು ಇಂಥದೇ ಹೊತ್ತಿನಲ್ಲಿ ಎಂದು ಆಕೆಯೇ ನನಗೆ ಹೇಳಿದ್ದಳು. ಕೆಸರಿನಲ್ಲಿ ಬಿದ್ದೆದ್ದು ಚೌಕಿಗೆ ಓಡಿದೆ.

"ನೋವು ಯಾವಾಗಿಂದ?" ಅಂದರು ಚಾಚಾ.

"ಈಗ ಬೆಳಕು ಹರಿಯೂ ಮುಂದ."

"ನೀರು ಹೋಗೈತಿ?"

"ಗೊತ್ತಿಲ್ಲ ಚಾಚಾ."

"ರಕ್ತ?"

"ಗೊತ್ತಿಲ್ಲ."

"ಹೋಗಿ ಕೇಳ್ಕೊಂಡು ಬಾ ಬೇಟಾ. ಅಷ್ಟರಾಗ ನಾ ಲೈನ್ ಹಿಡಿದಿರ್ತೀನಿ."

ಅವರು ಹಿಡಿ ತಿರುವಿದರು. ನಾನು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತೆ. ಅತ್ತಲಿನ ಮಾತನ್ನು ಚಾಚಾ ಅಭ್ಯಾಸದಂತೆ ಮರಳಿ ಹೇಳಿದರು: "ನರ್ಸಬಾಯಿ ಮುಕ್ಕುಂದದ ಕಡಿಗೆ ಹೊಂಟಾರ. ಅಲ್ಲಿ ಒಬ್ಬ ಹೆಣಮಗಳಿಗೆ ನಿನ್ನಿಂದ ನೋವು. ಜೀಪು ಚಾಲೂ ಆಗೈತಿ. ಹೌ."

ಇನ್ನೊಬ್ಬ ಗಿರಾಕಿ ಬಂದ ಎಂದು ಗೊತ್ತಾದರೆ ದಲಾಲಿ ಏನು ಮಾಡುತ್ತಾನೆ? ಬೆಲೆ ಏರಿಸುತ್ತಾನೆ. ನನಗೆ ಯೋಚನೆ ಮಾಡುವ ಮೊದಲೇ ನಾಲಿಗೆ ಹೊರಳಿತು.

"ಚಾಚಾ, ಸುಳ್ಳ ಹೇಳಿದೆ. ಹೆದರಿಕಿಗೆ ಬಾಯಿ ಬರಲಿಲ್ಲ. ನಿನ್ನಿ ಸಂಜಿಯಿಂದ ನೋವು. ರಕ್ತ ಹೋಗಾಕತ್ತೈತಿ. ಭಾಳ ಹೋಗಾಕತ್ತೈತಿ."

ಚಾಚಾ ತಿರುಗಿ ನನ್ನ ಮುಖ ನೋಡಿದರು. ನಾನು ಹೆಂಡತಿಗೆ ಬಾರದ ರಕ್ತಕ್ಕಾಗಿ ನಿಜವಾಗಿಯೂ ಅಳುತ್ತಿದ್ದೆ. ಮತ್ತೆ ಗೋಡೆಯ ಕಡೆ ತಿರುಗಿ ತಂತಿಗೆ ಹೇಳಿದರು: "ರಕ್ತ ಹೋಗಾಕತ್ತೈತಿ. ಜೀಪು ಈ ಕಡಿಗೆ ತಿರುವ್ರಿ."

ಜೀಪು ಬಂತು. ನರ್ಸಬಾಯಿ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು, ನಮ್ಮ ಹೊಲದ ಒಡ್ಡಿನ ಮೇಲೆ ಬರಿಗಾಲಲ್ಲಿ ನಡೆದು ಮನೆಯೊಳಗೆ ಹೋದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ನನ್ನ ಜಾಣತನಕ್ಕೆ ನನಗೇ ಹೆಮ್ಮೆ ಎನಿಸಿತ್ತು, ಮುಚ್ಚಿಡುವುದಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ಅವರ ದನಿ ಕೇಳಿತು.

"ರಕ್ತ ಎಲ್ಲೈತಿ?"

"ರಕ್ತ? ಯಾವ ರಕ್ತ ಬಾಯಾರ?" ಅಂದಳು ಅಕ್ಕ. "ಈಗ ಮುಂಜಾನೆ ನೋವು ಎದ್ದಾವ. ಚಂದಾಗೇ ಅದಾಳ."

ನರ್ಸಬಾಯಿ ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಚೊಂಬಿನಲ್ಲಿ ಕಾಲು ತೊಳೆದುಕೊಳ್ಳುತ್ತ, ನನ್ನ ಕಡೆ ನೋಡದೆ, ಅಕ್ಕನಿಗೆ ಹೇಳಿದರು: "ಇನ್ನ ಹೊತ್ತೈತಿ. ಕೂಸು ನೆಟ್ಟಗೈತಿ. ಏನರ ಹೆಚ್ಚುಕಮ್ಮಿ ಆದ್ರ ಚೌಕಿಗೆ ನೀ ಹೋಗಿ ಹೇಳು. ಈ ಮನಶ್ಯಾನ್ನ ಕಳಸಬ್ಯಾಡ." ಜೀಪು ಮುಕ್ಕುಂದದ ಕಡೆ ಹೋಯಿತು. ನಾನು ತಿಂದ ಹೊತ್ತು ಎಷ್ಟೆಂದು ಲೆಕ್ಕ ಹಾಕಲು ಹೋಗಬೇಡಿ, ನಾನು ಹಾಕಿ ದಣಿದಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಅತ್ತಿತು. ಅಕ್ಕ ನಗುತ್ತ ಬಂದು ಬೆಲ್ಲದ ಚೂರು ಬಾಯಿಗಿಟ್ಟಳು. ಅದು ನಾಲಿಗೆಯ ಮೇಲೆ ಕರಗಿರಲಿಲ್ಲ, ಒಳಗೆ ಹೋದ ಅಕ್ಕ ಚೀರಿದಳು: "ತಮ್ಮಾ! ನಿಲ್ಲವಲ್ದೋ! ಹರಿದು ಹೊಂಟೈತೋ!"

ಬಾಗಿಲಿನಿಂದ ಇಣುಕಿದೆ. ಇಣುಕಬಾರದಿತ್ತು. ಕೌದಿಯ ಅಂಚಿನಿಂದ ನೆಲಕ್ಕೆ, ನೆಲದಿಂದ ಹೊಸ್ತಿಲ ಕಡೆಗೆ. ಮುಂಜಾನೆ ನಾನು ಬಾಯಲ್ಲಿ ಹೇಳಿದ್ದು ಕಣ್ಣೆದುರು ಬಂದು ನಿಂತಿತ್ತು. ನಾನೇ ಅದನ್ನು ಕರೆದೆನೇನೋ ಅನಿಸಿತು. ಹೆಂಡತಿಯ ತುಟಿ ಬೂದಿಯ ಬಣ್ಣವಾಗಿತ್ತು. ಅಕ್ಕ ಕೈಬಿಟ್ಟು ಬರುವಂತಿರಲಿಲ್ಲ. ನಾನೇ ಓಡಬೇಕಾಯಿತು.

ಆ ಮೂರು ಹೊಲದ ಓಟದಲ್ಲಿ ನನ್ನನ್ನು ಕೊಂದದ್ದು ಒಂದೇ ಯೋಚನೆ: ಈಗ ಯಾರು ನಂಬುತ್ತಾರೆ? ಆ ತಂತಿಯ ಮೇಲಿನ ಎಲ್ಲ ಚೌಕಿಯವರಿಗೂ ಮುಂಜಾನೆಯ ನನ್ನ ಮಾತು ಸುಳ್ಳೆಂದು ಅಷ್ಟರಲ್ಲಿ ಗೊತ್ತಾಗಿತ್ತು.

"ಚಾಚಾ, ರಕ್ತ" ಅಂದೆ. "ಈಗ ಖರೇ ಚಾಚಾ. ಖರೇ."

ಚಾಚಾ ಏನೂ ಕೇಳದೆ ಹಿಡಿ ತಿರುವಿದರು. ಸಿಂಧನೂರಿನ ಕಾರಕೂನ ಎಷ್ಟು ಜೋರಾಗಿ ಮಾತಾಡಿದನೆಂದರೆ ಬಾಗಿಲಲ್ಲಿದ್ದ ನನಗೂ ಕೇಳಿಸಿತು.

"ಮತ್ತ ಅವನ ಏನ್ರೀ? ಮುಂಜಾನಿನೂ ಇದನ್ನ ಹೇಳಿದ್ನಲ್ಲ ಆ ಬದ್ಮಾಶ್! ಅವನ ಮಾತಿಗೆ ಮತ್ತ ಜೀಪು ಕಳಸಂಗಿಲ್ಲ ನಾ. ಸಾಹೇಬ್ರು ನನ್ನ ನೌಕರಿ ತಗೀತಾರ. ಸುಳ್ಳ ಹೇಳಾಕತ್ಯಾನವ."

ಚಾಚಾ ಮೊದಲ ಸಲ, ನಾನು ಕಂಡಂತೆ ಮೊದಲ ಸಲ, ಆ ಹಿಡಿಕೆಯೊಳಗೆ ದನಿ ಏರಿಸಿದರು.

"ಹೇಳಿರಬೇಕು. ಇವನು ಸುಳ್ಳ ಹೇಳ್ಯಾನ ಅಂತ ನಾವು ತಿಳ್ಕೊಂಡ್ರ ಸಾಯೂದು ಇವನಲ್ಲ ಸಾಹೇಬ, ಅಕಿ. ಮುಕ್ಕುಂದದ ಕಡಿ ಚೌಕಿ, ಕೇಳಾಕತ್ತೀಯಾ? ನರ್ಸಬಾಯಿ ಕೆಲಸ ಮುಗೀತಾ ಕೇಳಿ ಹೇಳು."

ಮುಕ್ಕುಂದದ ಕಡೆಯ ಚೌಕಿಯವನು ಅಷ್ಟು ಹೊತ್ತೂ ಹಿಡಿಕೆ ಎತ್ತಿ ಕೇಳುತ್ತಿದ್ದ. ಅವನೇನೋ ಹೇಳಿದ. ಚಾಚಾ ಮರಳಿ ಹೇಳಿದರು: "ಹೆರಿಗಿ ಆಗೈತಿ. ತಾಯಿ ಅದಾಳ. ಹೌ." ಆಮೇಲೆ ಅವನು ಇನ್ನೂ ಏನೋ ಹೇಳಿದ. ಕೇಳಿದ್ದನ್ನೆಲ್ಲ ಮರಳಿ ಹೇಳುವ ಚಾಚಾ ಅದೊಂದನ್ನು ಮರಳಿ ಹೇಳಲಿಲ್ಲ. ಬೆನ್ನು ಮಾತ್ರ ಸ್ವಲ್ಪ ಬಗ್ಗಿತು. ಬಗ್ಗಿದ್ದು ನೆಟ್ಟಗಾಗಲು ಎರಡು ಉಸಿರು ಹಿಡಿಯಿತು.

"ನರ್ಸಬಾಯಿಗೆ ಫೋನ್ ಕೊಡು" ಅಂದರು.

ಹೆರಿಗೆ ಮುಗಿಸಿ ಜೀಪು ಹತ್ತಲು ಆ ಚೌಕಿಗೇ ಬಂದಿದ್ದ ನರ್ಸಬಾಯಿ ಹಿಡಿಕೆ ತೆಗೆದುಕೊಂಡರು. ಖರೇಯೋ ಸುಳ್ಳೋ ಅಂತ ಅವರೂ ಕೇಳಲಿಲ್ಲ. ಚಾಚಾ ನನ್ನ ಕಡೆ ತಿರುಗಿ, "ನಿಮ್ಮ ಓಣ್ಯಾಗಿನ ಹೆಣಮಕ್ಕಳನ್ನ ಕರಿ. ಮನಿಯಿಂದ ಇಲ್ಲಿತನ ಕೂಗಿದ್ರ ಕೇಳೂವಷ್ಟು ದೂರದಾಗ ಒಬ್ಬೊಬ್ಬರನ್ನ ನಿಲ್ಲಸು. ಗಂಡಸರು ಬ್ಯಾಡ. ಗಂಡಸರ ಬಾಯಾಗ ಹೋದ್ರ ಮಾತು ದಪ್ಪ ಆಗ್ತಾವ" ಅಂದರು. ನನಗೆ ಅಂದದ್ದೆಂದು ಗೊತ್ತಾಯಿತು. ಓಡಿದೆ.

ಒಡ್ಡಿನ ಮೇಲೆ ಐದಾರು ಮಂದಿ ಹೆಂಗಸರು ಸಾಲಾಗಿ ನಿಂತರು. ಚಾಚಾ ಗೋಡೆಗೆ ಮುಖ ಮಾಡಿದರು. ಮಾತು ತಂತಿಯಿಂದ ಬಾಯಿಗೆ, ಬಾಯಿಂದ ಬಾಯಿಗೆ ಹೋಯಿತು.

"ಹೊಕ್ಕಳದ ಕೆಳಗ ಕೈ ಇಟ್ಟು ತಿಕ್ಕು! ಕಲ್ಲಿನಂಗ ಗಟ್ಟಿ ಆಗೂತನ ತಿಕ್ಕು!"

ಮನೆಯ ಕಡೆಯಿಂದ ಉತ್ತರ ಬರುವವರೆಗೆ ನಾನು ಚೌಕಿಯ ಬಾಗಿಲಲ್ಲಿ ನಿಂತು ಒಡ್ಡಿನ ಕಡೆ ನೋಡುತ್ತಿದ್ದೆ.

"ತಿಕ್ಕಾಕತ್ಯಾಳಂತ! ಗಟ್ಟಿ ಆತಂತ!" ಮರುಕ್ಷಣ ಇನ್ನೊಂದು: "ಮತ್ತ ಮೆತ್ತಗಾತಂತ! ಮತ್ತ ಹೊಂಟೈತಂತ!"

"ಕೈ ಬಿಡಬ್ಯಾಡ ಅನ್ರಿ. ಕಾಲಕೆಳಗ ಕೌದಿ ಮಡಚಿ ಇಡು. ಕೂಸನ್ನ ಎದಿಗೆ ಹಚ್ಚು!"

ಇಲ್ಲಿ ಮಾತು ನಿಂತುಹೋಯಿತು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೂರು ದಿನ ಎದೆಹಾಲು ಕೊಡುವುದಿಲ್ಲ, ಬೆಲ್ಲದ ನೀರೇ. ಸಾಲಿನ ತುದಿಯಿಂದ ಅಕ್ಕನ ತಕರಾರು ಬಂತು: "ಮೂರು ದಿನ ಹಚ್ಚಬಾರದಲ್ಲ ಅಂತಾಳ!" ಚಾಚಾ ಅದನ್ನೂ ಇದ್ದಂತೆ ತಂತಿಗೆ ಹೇಳಿದರು. ನರ್ಸಬಾಯಿ ಹೇಳಿದ್ದನ್ನು ಅದೇ ದನಿಯಲ್ಲಿ ಮರಳಿ ಕೂಗಿದರು: "ಇವತ್ತ ಮೂರನೇ ದಿನ ಅಂತ ತಿಳ್ಕೊ ಅನ್ನು!"

ಒಡ್ಡಿನ ಮೇಲಿದ್ದ ಒಬ್ಬ ಮುದುಕಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ಮಾತು ಮುಂದೆ ಹೋಯಿತು. ಕೂಸನ್ನು ಎದೆಗೆ ಹಚ್ಚಿದರು.

ಜೀಪು ಹೊರಟಿತು. ಕಾರಕೂನ "ನಾ ಹೇಳಿಲ್ಲಪ್ಪಾ, ನಿಮ್ಮ ಜವಾಬ್ದಾರಿ" ಎಂದು ಗೊಣಗಿದ. ಆದರೆ ತಂತಿಯ ಮೇಲಿನ ಚೌಕಿಗಳು ಅವನ ಮಾತಿಗೆ ಕಾಯಲಿಲ್ಲ. ನರ್ಸಬಾಯಿ ಬರುವ ದಾರಿಯ ಒಂದೊಂದು ಚೌಕಿಯೂ ತಾನಾಗಿ ಹೇಳತೊಡಗಿತು. ಚಾಚಾ ನನ್ನನ್ನು ಹತ್ತಿರ ಎಳೆದು, ಹಿಡಿಕೆಯನ್ನು ನನ್ನ ಕಿವಿಗೂ ಸ್ವಲ್ಪ ವಾರೆ ಮಾಡಿದರು.

"ಇಲ್ಲಿ ಸರಪಳಿ ಇಳಿಸೀನಿ. ದಾಟಿತು. ಹೆಂಗೈತಿ ಅಂತ ಕೇಳ್ಕೋತ ಹೋದ್ರು."

"ಇಲ್ಲಿ ಇಳಿಸೀನಿ. ಧೂಳ… ಇಲ್ಲ, ಕೆಸರು ಕಾಣಾಕತ್ತೈತಿ. ಬಂತು. ದಾಟಿತು."

ಒಂದು ಚೌಕಿಗೂ ಇನ್ನೊಂದು ಚೌಕಿಗೂ ನಡುವೆ ತಂತಿಯಲ್ಲಿ ಬರಿಯ ಗುಂಯ್ ಎನ್ನುವ ಸದ್ದು. ನಾನು ಜೀವನದಲ್ಲಿ ಎಷ್ಟೋ ಕಡೆ ಸಿಕ್ಕಿಬಿದ್ದಿದ್ದೇನೆ, ಹೊಳೆಯ ನಡುವೆ ಎತ್ತಿನ ಸಮೇತ ಕೊಚ್ಚಿಕೊಂಡೂ ಹೋಗಿದ್ದೇನೆ. ಆ ಗುಂಯ್ ಸದ್ದಿನಂಥ ಹೆದರಿಕೆ ಬೇರೆ ಕಂಡಿಲ್ಲ. ಕೊನೆಗೆ ನಮ್ಮ ಸರಪಳಿ. ಬೀಗದ ಕೈ ನನಗೆ ಕೊಟ್ಟು ಚಾಚಾ ಫೋನಿನ ಬಳಿಯೇ ನಿಂತರು. ಕೆಸರುಗೈಯಲ್ಲಿ ನನಗೆ ಬೀಗದ ಕಿಂಡಿ ಸಿಗಲಿಲ್ಲ. ಒಡ್ಡಿನ ಮೇಲಿನ ಆ ಮುದುಕಿಯೇ ಬಂದು ಕಿತ್ತುಕೊಂಡು ತೆಗೆದಳು.

ಹೆಂಡತಿ ಬದುಕಿದಳು. ಅಕ್ಕನ ಕೈ ಆ ಅಷ್ಟು ಹೊತ್ತು ಒಂದು ಕ್ಷಣವೂ ನಿಂತಿರದಿದ್ದರಿಂದ ಬದುಕಿದಳು ಎಂದು ನರ್ಸಬಾಯಿ ಹೇಳಿದರು. ಸಂಜೆ ಹೋಗುವಾಗ ನನ್ನನ್ನು ನೋಡಿ, "ಮಗಳು ಚಂದ ಅದಾಳ" ಅಂದರು. ಮುಕ್ಕುಂದದ ಕೂಸು ಏನಾಯಿತೆಂದು ಕೇಳಲು ಬಾಯಿ ತೆರೆದೆ. "ನಾ ಬೇಗ ಹೋಗಿದ್ರೂ ಅದು ಉಳೀತಿತ್ತೋ ಇಲ್ಲೋ, ನನಗ ಗೊತ್ತಿಲ್ಲ. ನನ್ನ ಕೇಳಬ್ಯಾಡ" ಎಂದು ಜೀಪು ಹತ್ತಿದರು.

ನನಗೂ ಇಂದಿಗೂ ಗೊತ್ತಿಲ್ಲ. ಒಮ್ಮೆ ಎತ್ತು ನೋಡುವ ನೆವದಲ್ಲಿ ಆ ಊರಿಗೆ ಹೋದೆ. ಆ ಕೂಸಿನ ತಾಯಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನೀರು ಕೇಳಿದೆ. ತಂದುಕೊಟ್ಟಳು. ಕುಡಿದು ಬಂದೆ.

ಚಾಚಾ ಅದರ ಬಗ್ಗೆ ನನಗೆ ಒಂದು ದಿನವೂ ಒಂದು ಮಾತೂ ಅನ್ನಲಿಲ್ಲ. ನಾನು ದಿನಾ ಮುಂಜಾನೆ ಒಂದು ಚೊಂಬು ಹಾಲು ಒಯ್ಯತೊಡಗಿದೆ. "ಹಾಲು ಐತಿ, ಹೌ" ಎಂದು ತೆಗೆದುಕೊಳ್ಳುವರು. ಆಮೇಲೆ ಹುಡುಗಿ ನಡೆಯತೊಡಗಿದಾಗ ಅವಳನ್ನೂ ಕರೆದೊಯ್ಯುತ್ತಿದ್ದೆ. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಗುಂಯ್ ಸದ್ದು ಕೇಳಿಸುವರು.

ಎಷ್ಟೋ ವರ್ಷದ ಮೇಲೆ ಒಂದು ಸಂಜೆ, ಕಾಲುವೆಯ ಮೆಟ್ಟಿಲ ಮೇಲೆ ಇಬ್ಬರೇ ಕೂತಿದ್ದಾಗ, ನಾನೇ ಕೇಳಿದೆ: "ಚಾಚಾ, ಮುಂಜಾನಿ ನಾ ಸುಳ್ಳ ಹೇಳಿದ್ದು ನಿಮಗ ಆಗ ಗೊತ್ತಾಗಿತ್ತಲ್ಲ? ನನ್ನ ಮಾರಿ ನೋಡಿದ್ರಿ."

ಬಸಿಯ ಚಹಾ ಊದಿ ಒಂದು ಗುಟುಕು ಕುಡಿದರು.

"ಸುಳ್ಳಿರಬೇಕು ಅನಿಸ್ತು. ಈ ಚೌಕಿಗೆ ಬಂದ ಹೊಸದರಾಗ ಒಬ್ಬಾವ ಹಿಂಗ ಬಂದಿದ್ದ. ಕುಡಿದಿದ್ದ. ರಕ್ತ ಅಂದ. ನಾ ನಂಬಲಿಲ್ಲ. ಹೋಗಿ ಕೇಳ್ಕೊಂಡು ಬಾ ಅಂತ ಕಳಿಸಿದೆ." ಬಸಿಯನ್ನು ಕೆಳಗಿಟ್ಟರು. "ಕೇಳ್ಕೊಂಡು ಬರಾಕ ಹೋದವ ತಿರುಗಿ ಬರಲಿಲ್ಲ. ಬರೂ ಜರೂರಿ ಉಳಿಲಿಲ್ಲ. ಅವತ್ತಿಂದ ರಕ್ತ ಅಂದವರನ್ನ ನಾ ತಿರುಗಿಸಿ ಕೇಳಂಗಿಲ್ಲ ಬೇಟಾ. ಸುಳ್ಳಾದ್ರ ಪಾಪ ಅವರಿಗೆ. ಖರೇ ಆದ್ರ ನನಗ."

ಈಗ ಮನೆಮನೆಗೂ, ಕಿಸೆಕಿಸೆಗೂ ಫೋನು ಬಂದಿದೆ. ತಾಯಿ-ಕೂಸಿಗೆಂದೇ ಬೇರೆ ನಂಬರು, ಬೇರೆ ಗಾಡಿ ಇವೆ. ಚಲೋ ಆಯಿತು. ನನ್ನ ಕಡೆಯಿಂದ ಗಂಡಸರಿಗೆ ಒಂದೇ ಸಲಹೆ, ಕೇಳಿದರೆ ಕೇಳಿ. ಆ ಫೋನು ಮಾಡುವ ಮೊದಲು ಹೆಂಡತಿಯ ಪಕ್ಕಕ್ಕೆ ಹೋಗಿ ನಿಲ್ಲಿ. ಕೇಳಲು ನಾಚಿಕೆಯಾದರೆ ನಾಚಿಕೊಂಡೇ ಕೇಳಿ. ಎಷ್ಟು ಇದೆಯೋ ಅಷ್ಟು ಹೇಳಿ. ಆ ತಂತಿಯ ಇನ್ನೊಂದು ತುದಿಯಲ್ಲಿ ನಿಮ್ಮೊಬ್ಬರದೇ ಮನೆ ಇರುವುದಿಲ್ಲ.

ಚಾಚಾ ತೀರಿಕೊಂಡದ್ದು ಚೌಕಿಯಲ್ಲೇ. ಹಾಲಿನ ಚೊಂಬು ಹಿಡಿದು ಹೋದೆ. ಬಾಗಿಲು ತೆರೆದಿತ್ತು. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆ ಬೆನ್ನನ್ನು ನಾನು ಎಷ್ಟು ಸಲ ನೋಡಿದ್ದೆನೋ, ಉಸಿರಾಡುವಾಗ ಹೇಗೆ ಏರಿಳಿಯುತ್ತದೆಂದು ಗೊತ್ತಿತ್ತು. ಅದು ಏರಲಿಲ್ಲ. ಮುಟ್ಟಿ ನೋಡಿದೆ. ತಣ್ಣಗಾಗಿತ್ತು.

ಅಷ್ಟರಲ್ಲಿ ಆರು ಗಂಟೆ ದಾಟಿತು, ಸಿಂಧನೂರಿಗೆ ಅಳತೆ ಹೋಗಿರಲಿಲ್ಲ. ಪೆಟ್ಟಿಗೆ ಬಡಿದುಕೊಂಡಿತು. ಎರಡು ಉದ್ದ, ಒಂದು ಗಿಡ್ಡ. ನಿಂತಿತು. ಮತ್ತೆ ಎರಡು ಉದ್ದ, ಒಂದು ಗಿಡ್ಡ. ಎತ್ತಿದೆ.

"ಯಾರು ಮಾತಾಡೋದು?" ಸಿಂಧನೂರಿನ ಅದೇ ಕಾರಕೂನ. ಅವನಿಗೂ ವಯಸ್ಸಾಗಿತ್ತು.

"ನಾನ್ರೀ, ಎತ್ತಿನ ದಲಾಲಿ."

ನನ್ನ ಆ ಸುಳ್ಳನ್ನು ಅವನು ಮರೆತಿರಲಿಲ್ಲ. "ಚಾಚಾ ಎಲ್ಲಿ?"

"ಚಾಚಾ ಹ್ವಾದ್ರು."

"ಎಲ್ಲಿ ಹ್ವಾದ?"

"ತೀರ್ಕೊಂಡ್ರು ಸಾಹೇಬ್ರ."

"ಖರೇ ಹೇಳು."

ನನ್ನ ಬಾಯಲ್ಲಿ ಆಣೆ, ಪ್ರಮಾಣ, ಏನೇನೋ ಬಂದವು. ಯಾವುದನ್ನೂ ಆಡಲಿಲ್ಲ. ನಾನೂ ಗೋಡೆಗೆ ಮುಖ ಮಾಡಿಕೊಂಡೆ. ಅವರ ಅಂಗೈ ತಾಗಿ ತಾಗಿ ಸುಣ್ಣ ಸವೆದ ಗುರುತು ಮೂಗಿನ ಮುಂದೆಯೇ ಇತ್ತು.

"ಎಷ್ಟು ಐತಿ ಅಷ್ಟ ಹೇಳಾಕತ್ತೀನ್ರಿ" ಅಂದೆ.

ತಂತಿ ಗುಂಯ್ ಎಂದಿತು. ಆಮೇಲೆ ಯಾವುದೋ ಚೌಕಿಯ ದನಿ, ಸಿಂಧನೂರಿನದಲ್ಲ: "ಚಾಚಾರ ಮಗಳು ಮಸ್ಕ್ಯಾಗ ಅದಾಳ. ಬಸ್ಸಿಗೆ ಸಿಂಧನೂರಿಗೆ ಬಂದ್ರ ಅಲ್ಲಿಂದ ಏರಿ ಮ್ಯಾಲ ಕರಕೊಂಡು ಬರಬಹುದು. ನಮ್ಮ ಸರಪಳಿ ಇಳಿಸಿ ಇಟ್ಟಿರ್ತೀನಿ." ಅದರ ಬೆನ್ನಿಗೆ ಇನ್ನೊಂದು: "ನಂದೂ ಇಳಿಸೀನಿ." ಇನ್ನೊಂದು. ಎಲ್ಲರೂ ಕೇಳುತ್ತಲೇ ಇದ್ದರು.

ಕಾರಕೂನ ಅಂದ: "ಜೀಪಿಗೆ ನಾ ಹೇಳ್ತೀನಿ. ಮಸ್ಕಿಗೆ ಸುದ್ದಿ ಮುಟ್ಟಸ್ತೀನಿ." ಆಮೇಲೆ ಮೆತ್ತಗೆ ಕೇಳಿದ: "ನೀರು ಎಷ್ಟೈತಿ ಇವತ್ತು?"

ದಿನಾ ಆ ಮೆಟ್ಟಿಲು ಹತ್ತಿ ಇಳಿಯುವವನು ನಾನು. ನಿನ್ನೆಯ ಅಳತೆ ಗೊತ್ತಿತ್ತು. ಅದರ ಮೇಲೆ ಒಂದಂಗುಲ ಹಿಂದೆಮುಂದೆ ಅಂದಾಜು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನೋಡಿಲ್ರೀ" ಅಂದೆ. "ಹೋಗಿ ನೋಡ್ಕೊಂಡು ಬರ್ತೀನಿ."

"ನೋಡ್ಕೊಂಡು ಬಾ. ಲೈನ್ ಹಿಡಿದಿರ್ತೀನಿ."

ಹಿಡಿಕೆಯನ್ನು ಸ್ಟೂಲಿನ ಮೇಲಿಟ್ಟು, ಅವರ ಕಿವಿಯ ಸಂದಿನ ಮೋಟು ಪೆನ್ಸಿಲು ತೆಗೆದುಕೊಂಡು ಮೆಟ್ಟಿಲಿಳಿದೆ. ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡಿದೆ. ಕಣ್ಣು ಮಂಜಾಗಿ ಗೆರೆ ಎರಡೆರಡು ಕಂಡವು. ಮುಖಕ್ಕೆ ನೀರು ಹಾಕಿಕೊಂಡು ಇನ್ನೊಂದು ಸಲ ನೋಡಿದೆ. ಇದ್ದಷ್ಟು ಬರೆದುಕೊಂಡು ಮೇಲೆ ಹತ್ತಿದೆ.